ಪೂಜೆಗಿಟ್ಟ ಇಂಗ್ಲಿಷು

ಮೂಲಾ ನಕ್ಷತ್ರದ ದಿನ ಸರಸ್ವತಿಯ ಮುಂದೆ ಹೆಸರಿಗೊಂದು ನೋಟ್‌ಬುಕ್ ಇಟ್ಟರೆ ಸಾಕು ಅಂತ ಉಮಾ ಅಂದುಕೊಂಡಿದ್ದಳು. ನಂಜನಗೂಡಿನ ತವರುಮನೆಯಲ್ಲಾದರೆ ಅವತ್ತು ಮನೆಯ ಪುಸ್ತಕಗಳೆಲ್ಲ ಪೂಜೆಗೆ ಹೋಗುತ್ತಿದ್ದವು. ವಿಜಯದಶಮಿಯ ದಿನ ಮತ್ತೆ ಮಂಗಳಾರತಿ ಆಗಿ ಪುಸ್ತಕ ಕೈಗೆ ಬರುವವರೆಗೆ ಮಕ್ಕಳು ಒಂದಕ್ಷರ ಓದುವ ಹಾಗಿರಲಿಲ್ಲ. ಓದುವ ಹಾಗಿಲ್ಲ ಎನ್ನುವುದೇ ಆಗ ಹಬ್ಬದ ದೊಡ್ಡ ಸಿಹಿ. ಸಿಂಗಪುರದಲ್ಲಿ ದಸರಾಕ್ಕೆ ರಜೆಯಿಲ್ಲ. ಮೇಲಾಗಿ ಮಗಳಿಗೆ ವರ್ಷದ ಕೊನೆಯ ಪರೀಕ್ಷೆ ಎದುರಿಗೇ ಇತ್ತು.

ಟೋವಾ ಪಾಯೋದ ಒಂಬತ್ತನೇ ಮಹಡಿಯ ಬಾಡಿಗೆ ಮನೆಯ ಹಾಲಿನಲ್ಲಿ ರಟ್ಟಿನ ಡಬ್ಬಗಳನ್ನು ಮೆಟ್ಟಿಲು ಮಾಡಿ, ಅದರ ಮೇಲೆ ಗಂಡನ ಬಿಳಿ ಪಂಚೆ ಹಾಸಿ, ಅವಳು ಗೊಂಬೆ ಕೂರಿಸಿದ್ದಳು. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಶೆಟ್ಟಿ ದಂಪತಿ, ಅವರ ಅಂಗಡಿಯ ಪಕ್ಕದಲ್ಲಿ ಗೆಳತಿ ಶೋಭಾ ಕೊಟ್ಟ ಒಂದು ಪುಟ್ಟ ಮರ್ಲಯನ್, ಸಿಂಗಪುರದ ಗುರುತಾದ ಸಿಂಹಮುಖದ ಮೀನು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಯೂನಿಫಾರ್ಮ್ ಹಾಕಿಕೊಂಡ ವರ್ಣಿಕಾ ಎರಡು ಕೈ ತುಂಬ ಹೊತ್ತು ತಂದಳು. ಇಂಗ್ಲಿಷ್ ಫೈಲು, ಇಂಗ್ಲಿಷ್ ಜರ್ನಲ್, ತರಗತಿಯಲ್ಲಿ ಓದುತ್ತಿದ್ದ ಕತೆಪುಸ್ತಕ, ಎಲ್ಲದರ ಮೇಲೆ ಶಾಲೆಯ ಟ್ಯಾಬ್.

“ಇಷ್ಟೊಂದಾ ಮರೀ? ಟ್ಯಾಬ್ ಸ್ಕೂಲಿಗೆ ಬೇಡ್ವಾ?”

“ಬೇಡಮ್ಮ. ಈ ವೀಕ್ ಬರೀ ವರ್ಕ್‌ಶೀಟು.”

“ಇಟ್ಮೇಲೆ ಗುರುವಾರದವರೆಗೂ ಮುಟ್ಟೋ ಹಾಗಿಲ್ಲ, ಗೊತ್ತಲ್ಲ?”

“ಗೊತ್ತು. ಅದಕ್ಕೇ ಇಡ್ತಿರೋದು.”

ಹದಿಮೂರು ವರ್ಷದ ಹುಡುಗಿ ಹಾಗಂದಾಗ ಉಮಾಳ ಕಣ್ಣು ತುಂಬಿ ಬಂತು. ಟ್ಯಾಬನ್ನು ಎಲ್ಲಕ್ಕಿಂತ ಕೆಳಗಿಟ್ಟು, ಅದರ ಮೇಲೆ ಪುಸ್ತಕ ಜೋಡಿಸಿ, ಎಲ್ಲದರ ಮೇಲೆ ಬೆಳ್ಳಿಯ ಪುಟ್ಟ ಸರಸ್ವತಿಯನ್ನು ಕೂರಿಸಿ, ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದಳು. ಮಗಳು ಬಸ್ಸು ಹತ್ತಿದ ಮೇಲೆ ಶೋಭಾಗೆ ಫೋನ್ ಮಾಡಿ ಹೇಳದೆ ಇರಲಾಗಲಿಲ್ಲ. ಶೋಭಾ ಕಲ್ಲಾಂಗ್‌ನಲ್ಲಿ ಇರುವವಳು. ಅವಳ ಮಗಳು ಸಿಂಚನಾ ವರ್ಣಿಕಾಗಿಂತ ಒಂದು ವರ್ಷ ಮುಂದೆ.

“ಪುಣ್ಯ ಮಾಡಿದ್ಯ ಕಣೆ,” ಅಂದಳು ಶೋಭಾ. “ನಮ್ಮವಳಿಗೆ ಸರಸ್ವತಿ ಅಂದ್ರೆ, ಯಾವ ಬ್ಲಾಕಲ್ಲಿದ್ದಾರೆ ಆ ಆಂಟಿ ಅಂತಾಳೆ.”

ಇಬ್ಬರೂ ನಕ್ಕರು. ಉಮಾಳ ನಗುವಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆ ವರ್ಷ ಅವಳು ಮಗಳ ಇಂಗ್ಲಿಷಿಗಾಗಿ ಮಾಡಿದ ಕೆಲಸಗಳಲ್ಲಿ ಸರಿಯಾಗಿ ಕೈಗೂಡಿದ್ದು ಇದೊಂದೇ ಅನ್ನಿಸಿತ್ತು.

ಜನವರಿಯಲ್ಲಿ ಸೆಕೆಂಡರಿ ಒಂದು ಶುರುವಾದಾಗ ಶಾಲೆಯಲ್ಲಿ ತಂದೆತಾಯಿಯರನ್ನು ಕರೆದು ಕೂರಿಸಿದ್ದರು. ಗಂಡ ಶ್ರೀಕಂಠನಿಗೆ ಆಫೀಸಿನಲ್ಲಿ ಏನೋ ಹೊಸ ಸಾಫ್ಟ್‌ವೇರಿನ ಗೋ-ಲೈವ್. ಉಮಾ ಒಬ್ಬಳೇ ಹೋಗಿ, ಮೂರನೇ ಸಾಲಿನಲ್ಲಿ ಕೂತು, ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಇಂಗ್ಲಿಷ್ ಟೀಚರು ಮಿಸ್ ಹಿದಾಯಾ, ಮೂವತ್ತು ದಾಟಿರದ ಮಲಯ್ ಹೆಂಗಸು, ತಲೆಗೆ ಬೂದು ಬಣ್ಣದ ವಸ್ತ್ರ ಸುತ್ತಿಕೊಂಡು, ನಗುತ್ತಲೇ ಮಾತಾಡುವವರು. ಈ ವರ್ಷ ಇಂಗ್ಲಿಷ್ ತರಗತಿ ಹೇಗಿರುತ್ತದೆ ಅಂತ ಅವರು ಒಂದೊಂದಾಗಿ ಹೇಳಿದರು. ದಿನಾ ಬೆಳಿಗ್ಗೆ ಹತ್ತು ನಿಮಿಷ ಎಲ್ಲರೂ ಮೌನವಾಗಿ ಕತೆಪುಸ್ತಕ ಓದುತ್ತಾರೆ. ವಾರಕ್ಕೊಮ್ಮೆ ಜರ್ನಲ್ ಬರೆಯುತ್ತಾರೆ, ಅದರಲ್ಲಿ ತಪ್ಪು ತಿದ್ದುವುದಿಲ್ಲ, ಬರೆದಿದ್ದಕ್ಕೆ ಉತ್ತರ ಬರೆಯುತ್ತೇವೆ. ಪದ್ಯ ಓದಿ ಚರ್ಚೆ ಮಾಡುತ್ತಾರೆ. ಒಂದು ಸಣ್ಣ ವಿಡಿಯೋ ನೋಡಿ, ಹತ್ತು ನಿಮಿಷ ಯೋಚಿಸಿ, ಎರಡು ನಿಮಿಷ ತಾವೇ ಮಾತಾಡುತ್ತಾರೆ. ಕೊನೆಗೆ ಅವರು ಹೇಳಿದ ಮಾತು ಉಮಾಳ ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆಸಿಕೊಂಡಿತ್ತು: ನನ್ನ ತರಗತಿಯಲ್ಲಿ ಸರಿ ಉತ್ತರ ಅಂತ ಒಂದಿಲ್ಲ; ನಿನಗೇನನ್ನಿಸುತ್ತದೆ ಅಂತ ಕೇಳುತ್ತೇನೆ, ಅಷ್ಟೇ.

ಎಷ್ಟು ಚೆನ್ನಾಗಿದೆಯಲ್ಲ ಅಂದುಕೊಂಡಿದ್ದಳು ಉಮಾ, ಬಸ್ಸಿನಲ್ಲಿ ಬರುವಾಗ. ಅದೇ ಮುಳುವಾಗುತ್ತದೆ ಅಂತ ಗೊತ್ತಿರಲಿಲ್ಲ.

ವರ್ಣಿಕಾ ಮೈಸೂರಿನಲ್ಲಿ ಆರನೇ ತರಗತಿಯವರೆಗೆ ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲೇ. ಇಂಗ್ಲಿಷಿನಲ್ಲಿ ತೊಂಬತ್ತಕ್ಕಿಂತ ಕಡಿಮೆ ತಂದವಳಲ್ಲ. ಅಲ್ಲಿ ಪಾಠ ಮುಗಿದ ಮೇಲೆ ಟೀಚರು ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆಯುತ್ತಿದ್ದರು. ಅದನ್ನು ಕಾಪಿ ಮಾಡಿ, ಬಾಯಿಪಾಠ ಮಾಡಿ, ಒಪ್ಪಿಸಿದರೆ ಆಯಿತು. ಒಪ್ಪಿಸುವುದರಲ್ಲಿ ಈ ಮಗುವನ್ನು ಮೀರಿಸುವವರಿರಲಿಲ್ಲ. ಇಲ್ಲಿಗೆ ಬಂದು ಹೊರದೇಶದ ಮಕ್ಕಳ ಪ್ರವೇಶ ಪರೀಕ್ಷೆ ಬರೆದು, ಸೀಟು ಸಿಕ್ಕಿ, ಇಂಗ್ಲಿಷನ್ನು ಮೇಲಿನ ಹಂತದಲ್ಲೇ ಕೊಟ್ಟಿದ್ದರು. ಅದಕ್ಕಿಲ್ಲಿ ಜಿ-ತ್ರಿ ಅನ್ನುತ್ತಾರೆ. ವರ್ಷದ ಕೊನೆಗೆ ಅಂಕ ನೋಡಿ ಅಲ್ಲೇ ಉಳಿಸುತ್ತಾರೆ, ಇಲ್ಲವೇ ಒಂದು ಹಂತ ಕೆಳಗೆ, ಜಿ-ಟುಗೆ ಕಳಿಸುತ್ತಾರೆ. ಕೆಳಗೆ ಹೋದರೆ ಇಂಗ್ಲಿಷ್ ಪಿರಿಯಡ್ಡಿಗೆ ಬೇರೆ ಕೋಣೆ, ಬೇರೆ ಮಕ್ಕಳು. ಇಡೀ ಶಾಲೆಯಲ್ಲಿ ವರ್ಣಿಕಾಗಿದ್ದ ಒಬ್ಬಳೇ ಗೆಳತಿ ದಿಶಾ. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಇಂಗ್ಲಿಷ್ ತರಗತಿಯಲ್ಲಿ ಪಕ್ಕದ ಸೀಟಿನವಳು.

ಮೊದಲ ವಾರವೇ ಒಂದು ಪದ್ಯ ಓದಿಸಿ ಮಿಸ್ ಹಿದಾಯಾ ವರ್ಣಿಕಾಳನ್ನು ಕೇಳಿದರಂತೆ, ಈ ಪದ್ಯದಲ್ಲಿರುವ ಮುದುಕನ ಬಗ್ಗೆ ನಿನಗೇನನ್ನಿಸುತ್ತೆ ಅಂತ. ವರ್ಣಿಕಾ ಎದ್ದು, ಮೈಸೂರಿನ ಅಭ್ಯಾಸದಂತೆ ಕೈಕಟ್ಟಿ ನಿಂತು, ಪದ್ಯವನ್ನೇ ಮತ್ತೆ ಒಪ್ಪಿಸಿದಳಂತೆ. ಒಂದು ಸಲ ನೋಡಿದ್ದಕ್ಕೇ ಇಡೀ ಪದ್ಯ ಬಾಯಿಗೆ ಬಂದಿತ್ತು. ಯಾರೋ ಹಿಂದಿನಿಂದ “ವಾ, ರೋಬೋ ಲಾ” ಅಂದರಂತೆ. ತರಗತಿಯೆಲ್ಲ ನಕ್ಕಿತಂತೆ. ಟೀಚರು ಬೈದರಂತೆ, ಆದರೆ ನಗು ಆಗಿಹೋಗಿತ್ತು. ಅಲ್ಲಿಂದ ಈಚೆಗೆ ಅವಳು ಬಾಯಿ ಬಿಡುವುದನ್ನೇ ಬಿಟ್ಟಳು. ಏನಾದರೂ ಕೇಳಿದರೆ ದಿಶಾಳ ಕಡೆ ನೋಡುತ್ತಾಳೆ. ದಿಶಾ “ಶೀ ಮೀನ್ಸ್” ಅಂತ ಶುರುಮಾಡಿ ತನಗೆ ತೋಚಿದ್ದನ್ನು ಹೇಳುತ್ತಾಳೆ. ಮೇ ತಿಂಗಳ ಭೇಟಿಯಲ್ಲಿ ಟೀಚರು ಉಮಾಗೆ ಇದನ್ನೆಲ್ಲ ಹೇಳಿ, ಬರವಣಿಗೆ ಪರವಾಗಿಲ್ಲ, ಮಾತೇ ಇಲ್ಲ, ಮಾತು ಬಾರದಿದ್ದರೆ ಮೇಲಿನ ಹಂತದಲ್ಲಿ ಕಷ್ಟ, ಮನೆಯಲ್ಲಿ ಮಾತಾಡಿಸಿ ಅಂದಿದ್ದರು.

ಮನೆಯಲ್ಲಿ ಮಾತಾಡಿಸುವುದು ಅಂದರೆ ಇಂಗ್ಲಿಷಿನಲ್ಲಿ. ಉಮಾ ತಾನು ಮೊದಲನೇ ಪಿಯುಸಿಗೆ ಕನ್ನಡ ಮೀಡಿಯಮ್ಮಿನಿಂದ ಕಾಮರ್ಸಿಗೆ ಹೋದಾಗ, ಇಂಗ್ಲಿಷ್ ಲೆಕ್ಚರರು ಹೆಸರು ಕೇಳಿದ್ದಕ್ಕೆ ಎದ್ದು ನಿಂತು, ಸುಮ್ಮನೆ ಕೂತವಳು. ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಕೂತು, ಗೈಡು ಬಾಯಿಪಾಠ ಮಾಡಿ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ಡಿಗ್ರಿಯನ್ನೂ ಹಾಗೇ ದಾಟಿದ್ದಳು. ಓದಿದರೆ ಅರ್ಥವಾಗುತ್ತದೆ. ಬ್ಯಾಂಕಿನ ಫಾರಂ ತುಂಬುತ್ತಾಳೆ. ಮಾರ್ಕೆಟ್ಟಿನಲ್ಲಿ “ಒನ್ ಕೆಜಿ, ಆಂಟಿ, ನಾಟ್ ದಟ್ ಒನ್” ಅನ್ನುವಷ್ಟು ಬರುತ್ತದೆ. ಅದಕ್ಕಿಂತ ಮೇಲೆ ಹೋದರೆ ನಾಲಗೆ ಒಣಗುತ್ತದೆ.

ಆದರೂ ಪ್ರಯತ್ನ ಬಿಡಲಿಲ್ಲ. ಜೂನ್ ರಜೆಯಲ್ಲಿ ಮಾದರಿ ಉತ್ತರಗಳನ್ನು ಹುಡುಕಿ ಇಪ್ಪತ್ತೆರಡು ಹಾಳೆ ಪ್ರಿಂಟ್ ತೆಗೆಸಿದಳು. ಲೈಬ್ರರಿ ಬಗ್ಗೆ ಎರಡು ನಿಮಿಷ, ಪರಿಸರದ ಬಗ್ಗೆ ಎರಡು ನಿಮಿಷ, ಊಟದಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಹಾಕರ್ ಸೆಂಟರಿನ ಬಗ್ಗೆ ಎರಡು ನಿಮಿಷ. ದಿನಾ ಸಂಜೆ ಒಪ್ಪಿಸು ಅಂತ ಕೂರಿಸಿದಳು. ಮಗಳು ಗಡಿಯಾರದ ಹಾಗೆ ಒಪ್ಪಿಸಿದಳು. ಜುಲೈಯಲ್ಲಿ ತರಗತಿಯಲ್ಲಿ ಮಾತಿನ ಅಭ್ಯಾಸ ಬಂತು. ವಿಡಿಯೋದಲ್ಲಿ ತೋರಿಸಿದ್ದು ಸೈಕಲ್ ಓಡಿಸುವವರನ್ನು. ವರ್ಣಿಕಾ ಪರಿಸರದ್ದನ್ನು ಹೇಳಿಬಂದಳು. ಟೀಚರು ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು: ಇದು ಯಾರ ಮಾತು?

ಆ ಹಾಳೆಯನ್ನು ನೋಡಿ ಶ್ರೀಕಂಠ ಹೇಳಿದ್ದ: “ನಾನು ಆವಾಗ್ಲೇ ಹೇಳ್ಲಿಲ್ವಾ ಉಮಾ? ಇಂಡಿಯನ್ ಸ್ಕೂಲಿಗೆ ಹಾಕೋಣ ಅಂತ. ನೀನೇ ಹಠ ಮಾಡ್ದೆ, ಇಲ್ಲಿ ಮಕ್ಕಳ ಜೊತೆ ಬೆಳೀಲಿ ಅಂತ.”

ನಿಜ, ಹಠ ಮಾಡಿದ್ದು ಅವಳೇ. ಇಪ್ಪತ್ತೆರಡು ಹಾಳೆಗಳನ್ನು ಅಡುಗೆಮನೆಯ ಡಬ್ಬಗಳ ಕೆಳಗೆ ಹಾಸಲು ತೆಗೆದಿಟ್ಟಳು. ಕೊನೆಗೆ ಉಳಿದಿದ್ದು ದೇವರು. ಆದ್ದರಿಂದಲೇ ಸೋಮವಾರ ಬೆಳಿಗ್ಗೆ ಮಗಳು ತಾನಾಗಿಯೇ ಇಂಗ್ಲಿಷನ್ನೆಲ್ಲ ಹೊತ್ತು ತಂದು ಸರಸ್ವತಿಯ ಕಾಲಬುಡಕ್ಕೆ ಹಾಕಿದಾಗ ಅವಳಿಗೆ ಅಷ್ಟು ಸಂತೋಷವಾಗಿದ್ದು.

ಬುಧವಾರ ಮಧ್ಯಾಹ್ನ ಒಂದೂವರೆಗೆ, ಉಸಲಿಗೆ ಕಡಲೆಕಾಳು ಬೇಯಿಸಿ ಒಗ್ಗರಣೆಗೆ ಇಂಗು ಹಾಕುತ್ತಿದ್ದಾಗ ಫೋನ್ ಬಂತು. ಮಿಸ್ ಹಿದಾಯಾ. ಉಮಾ ಒಲೆ ಆರಿಸಿ, ಕೈ ಒರೆಸಿಕೊಂಡು, ಸೆರಗನ್ನೂ ಸರಿಮಾಡಿಕೊಂಡು ‘ಹಲೋ ಮಿಸ್’ ಅಂದಳು.

ಟೀಚರು ಬಹಳ ಎಚ್ಚರಿಕೆಯಿಂದ, ಒಂದೊಂದು ಮಾತನ್ನೂ ಮೆತ್ತಗೆ ಇಡುತ್ತ ಹೇಳಿದರು. ನಿಮ್ಮ ಮನೆಯಲ್ಲಿ ಹಬ್ಬ ನಡೆಯುತ್ತಿದೆ ಅಂತ ವರ್ಣಿಕಾ ಹೇಳಿದಳು. ನೀವು ಟ್ಯಾಬನ್ನು ದೇವರ ಹತ್ತಿರ ಇಟ್ಟಿದ್ದೀರಂತೆ. ನಿಮ್ಮ ಪದ್ಧತಿಗೆ ನನಗೆ ಗೌರವವಿದೆ, ಕೇಳಬಾರದ್ದನ್ನು ಕೇಳುತ್ತಿದ್ದರೆ ಕ್ಷಮಿಸಿ. ಆದರೆ ಎರಡು ನಿಮಿಷದ ಮಾತನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಬೇಕಾಗಿತ್ತು, ಅದಕ್ಕೆ ಅಂಕವಿದೆ, ಇವತ್ತು ಸಂಜೆ ಆರು ಗಂಟೆ ಕೊನೆ. ಮಿಕ್ಕ ಮಕ್ಕಳದ್ದೆಲ್ಲ ಬಂದಿದೆ. ಶಾಲೆಯ ಬೇರೆ ಟ್ಯಾಬ್ ಕೊಡುತ್ತೇನೆ ಅಂದೆ. ಅದಕ್ಕವಳು, ನಾಳೆಯವರೆಗೆ ಇಂಗ್ಲಿಷನ್ನೇ ಮುಟ್ಟುವ ಹಾಗಿಲ್ಲ, ಅಮ್ಮ ಇಂಗ್ಲಿಷನ್ನೇ ಪೂಜೆಗಿಟ್ಟಿದ್ದಾರೆ ಅಂದಳು. ಹಾಗುಂಟೇ?

ಅದಕ್ಕೇ ಇಡ್ತಿರೋದು. ಸೋಮವಾರದ ಆ ಮಾತು ಈಗ ಪೂರ್ತಿಯಾಗಿ ಉಮಾಳ ಕಿವಿಗೆ ಬಿತ್ತು. ಇಲ್ಲ ಮಿಸ್, ನಮ್ಮ ದೇವರು ಹಾಗೆಲ್ಲ ಹೇಳುವುದಿಲ್ಲ, ನನ್ನ ಮಗಳು ಸುಳ್ಳು ಹೇಳಿದ್ದಾಳೆ ಅನ್ನಬೇಕು. ಅಂದರೆ ಮಗು ಟೀಚರ ಕಣ್ಣಲ್ಲಿ ಸುಳ್ಳಿಯಾಗುತ್ತಾಳೆ. ಹೌದು ಮಿಸ್ ಅಂದರೆ ಅಂಕ ಹೋಗುತ್ತದೆ. ಇದನ್ನೆಲ್ಲ ಕನ್ನಡದಲ್ಲಿ ಯೋಚಿಸಿ ಮುಗಿಯುವಷ್ಟರಲ್ಲಿ ಆ ಕಡೆಯಿಂದ ಎರಡು ಸಲ ಹಲೋ ಬಂತು.

“ಯೆಸ್ ಮಿಸ್. ನೋ ಮಿಸ್. ಮೈ ಮಿಸ್ಟೇಕ್, ಮಿಸ್. ಐ ಪುಟ್. ವರ್ಣಿಕಾ ನಾಟ್ ಪುಟ್. ಟುಡೇ ಐ ವಿಲ್ ಟೇಕ್ ಔಟ್. ಸಿಕ್ಸ್ ಓ ಕ್ಲಾಕ್, ಶೂರ್.”

ದೇವರಿಗೆ ಅಡ್ಡಿಯಿಲ್ಲವೇ ಅಂತ ಟೀಚರು ನಿಜವಾದ ಕಾಳಜಿಯಿಂದಲೇ ಕೇಳಿದರು.

“ಗಾಡ್ ಈಸ್ ಓಕೆ, ಮಿಸ್,” ಅಂದಳು ಉಮಾ.

ಫೋನ್ ಇಟ್ಟ ಮೇಲೆ ನೆಲದ ಮೇಲೇ ಕೂತಳು. ಶ್ರೀಕಂಠನಿಗೆ ಫೋನ್ ಮಾಡಿದಳು. ಅವನು ಮೀಟಿಂಗಿನಿಂದ ಆಚೆ ಬಂದು ಕೇಳಿಸಿಕೊಂಡ.

“ರೀ, ವಿಜಯದಶಮಿಗೆ ಮುಂಚೆ ಹ್ಯಾಗ್ರೀ ತೆಗೀಲಿ? ನಮ್ಮಮ್ಮ ಒಂದಿನಾನೂ ತೆಗೆದವರಲ್ಲ.”

“ತೆಗಿಯೇ ಮಾರಾಯ್ತಿ. ಸರಸ್ವತಿ ಏನು ಪೊಲೀಸಾ? ಅವಳನ್ನ ಬೈಬೇಡ, ಆಯ್ತಾ? ನಾನು ಬಂದು ಮಾತಾಡ್ತೀನಿ.”

ಅವನು ಬರುವುದು ಎಂಟು ಗಂಟೆಗೆ. ಮೂರಕ್ಕೆ ಹತ್ತು ನಿಮಿಷವಿದ್ದಾಗ ವರ್ಣಿಕಾ ಬಂದಳು. ಬಾಗಿಲಲ್ಲಿ ಶೂ ಬಿಚ್ಚುತ್ತಲೇ ಅಮ್ಮನ ಮುಖ ನೋಡಿ ಅವಳಿಗೆ ಗೊತ್ತಾಯಿತು.

“ಮಿಸ್ ಕಾಲ್ ಮಾಡಿದ್ರಾ?”

“ಮಾಡಿದ್ರು.”

“ಏನಂದೆ?”

“ನಾನೇ ಇಟ್ಟೆ, ನಂದೇ ತಪ್ಪು ಅಂದೆ.”

ಮಗಳು ಒಂದು ಕಾಲಲ್ಲಿ ಶೂ, ಒಂದು ಕಾಲಲ್ಲಿ ಸಾಕ್ಸು, ಹಾಗೇ ನಿಂತಳು. ಬೈದಿದ್ದರೆ ಬಹುಶಃ ಜಗಳವಾಡುತ್ತಿದ್ದಳು. “ಇಂಗ್ಲಿಷಲ್ಲಾ?” ಅಂತ ಕೇಳಿದಳು, ಮೆತ್ತಗೆ.

“ಇನ್ನೇನು ಕನ್ನಡದಲ್ಲಾ? ಊಟ ಮಾಡು, ಬಾ. ಆಮೇಲೆ ರೆಕಾರ್ಡ್ ಮಾಡ್ಬೇಕು.”

“ನಂಗಾಗಲ್ಲಮ್ಮ. ಕ್ಯಾನಾಟ್. ಸೀರಿಯಸ್ಲಿ ಕ್ಯಾನಾಟ್.”

“ಯಾಕಾಗಲ್ಲ? ಯಾರೂ ಎದುರಿಗೇ ಇರಲ್ಲ, ನಗೋಕೆ.”

“ನಗೋದಲ್ಲ. ಏನನ್ಸುತ್ತೆ ಅಂತ ಕೇಳ್ತಾರೆ. ನಂಗೆ ಏನೂ ಅನ್ಸಲ್ಲ. ಅನ್ಸಿದ್ರೂ ಅದು ಕರೆಕ್ಟಾ ಅಂತ ಗೊತ್ತಾಗಲ್ಲ.”

“ಸರಿ ಉತ್ತರ ಅಂತ ಇಲ್ಲ ಅಂದಿದ್ದಾರಲ್ಲ ಟೀಚರು.”

“ಅದೇ ತೊಂದ್ರೆ, ಅಮ್ಮಾ!” ಅಂದಳು ವರ್ಣಿಕಾ. ಇದ್ದಬದ್ದ ಸಿಟ್ಟೆಲ್ಲ ಆ ಒಂದು ಮಾತಿನಲ್ಲಿತ್ತು. ಉಮಾ ತಟ್ಟೆ ಇಟ್ಟಳು. ಅನ್ನ ಬಡಿಸಿದಳು.

ಊಟವಾದ ಮೇಲೆ ಕೈಕಾಲು ತೊಳೆದು ಗೊಂಬೆಯ ಮುಂದೆ ನಿಂತಳು. ಮೂರ್ತಿಯನ್ನು ಕದಲಿಸಬಾರದು. ಕದಲಿಸಿದರೆ ವಿಸರ್ಜನೆಯಾದ ಹಾಗೆ. ಪುಸ್ತಕದ ರಾಶಿಯನ್ನು ಎಡಗೈಯಲ್ಲಿ ಒಂದು ಬೆರಳಿನಷ್ಟು ಎತ್ತಿ ಹಿಡಿದು, ಬಲಗೈಯಲ್ಲಿ ತಳದ ಟ್ಯಾಬನ್ನು ಎಳೆದಳು. ಸರಸ್ವತಿ ಅಲುಗಾಡಿ, ನಿಂತಳು. ಬಲಗಡೆಯ ಸೇವಂತಿಗೆ ಒಂದು ಕೆಳಗೆ ಬಿತ್ತು. ಬಲಗಡೆ ಹೂವು ಬಿದ್ದರೆ ದೇವಿಯ ಅಪ್ಪಣೆ ಅನ್ನುತ್ತಾರೆ. ಎಳೆದದ್ದಕ್ಕೆ ಬಿತ್ತೋ, ಅಪ್ಪಣೆಯಾಗಿ ಬಿತ್ತೋ. ಉಮಾ ಆ ಹೂವನ್ನು ಎತ್ತಿ ಮಗಳ ಜಡೆಗೆ ಸಿಕ್ಕಿಸಿದಳು. ಟ್ಯಾಬಿನ ಗಾಜಿನ ತುಂಬ ಕುಂಕುಮ. ಒರೆಸಿ ಆನ್ ಮಾಡಿದರೆ ಚಾರ್ಜು ಶೇಕಡ ನಾಲ್ಕು.

ಹಾಗಾಗಿ ಮಲಗುವ ಕೋಣೆಯ ಪ್ಲಗ್ಗಿನ ಪಕ್ಕ, ನೆಲದ ಮೇಲೆ, ಗೋಡೆಗೊರಗಿ ಇಬ್ಬರೂ ಕೂತರು. ವಿಡಿಯೋ ಒಂದೇ ನಿಮಿಷದ್ದು. ಯಾವುದೋ ಬ್ಲಾಕಿನ ವಾಯ್ಡ್ ಡೆಕ್. ಕೆಳಗಿನ ಆ ಖಾಲಿ ಜಾಗದ ಕಲ್ಲು ಮೇಜುಗಳಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಕೂತಿದ್ದಾರೆ. ಮುದುಕ ಪೇಪರು ಓದುತ್ತಾನೆ, ಹುಡುಗಿ ಫೋನು ನೋಡುತ್ತಾಳೆ, ಹೆಂಗಸೊಬ್ಬಳು ತರಕಾರಿ ಚೀಲ ಇಟ್ಟುಕೊಂಡು ಲಿಫ್ಟು ಕಾಯುತ್ತಾಳೆ. ಯಾರೂ ಯಾರನ್ನೂ ನೋಡುವುದಿಲ್ಲ. ಪ್ರಶ್ನೆ: ನಿನ್ನ ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಬಲ್ಲರೇ? ನಿನಗೇನನ್ನಿಸುತ್ತದೆ?

ನಾಲ್ಕು ಗಂಟೆಗೆ ವರ್ಣಿಕಾ ಮೊದಲ ಸಲ ರೆಕಾರ್ಡ್ ಒತ್ತಿದಳು. “ಐ ಥಿಂಕ್” ಅಂದು ಹನ್ನೊಂದು ಸೆಕೆಂಡಿಗೆ ನಿಂತಳು. ಅಳಿಸಿದಳು. ಎರಡನೆಯ ಸಲ ಇಪ್ಪತ್ತು ಸೆಕೆಂಡು. ಮೂರನೆಯ ಸಲ ಬಾಯಿಗೆ ಬಂದದ್ದು ಜೂನ್ ತಿಂಗಳ ಲೈಬ್ರರಿ ಹಾಳೆಯ ಮೊದಲ ಸಾಲು. ಅವಳೇ ಬೆಚ್ಚಿ ಅಳಿಸಿದಳು. ನಾಲ್ಕನೆಯ ಸಲ ಅರ್ಧಕ್ಕೆ ನಿಲ್ಲಿಸಿ ತಿರುಗಿ ನೋಡಿದಳು.

“ಅಮ್ಮಾ, ನೀನು ಹೊರಗೆ ಹೋಗು.”

“ನಾನು ಸುಮ್ನೆ ಕೂತಿದೀನಲ್ಲೇ.”

“ಇಲ್ಲ. ನಾನು ಮಾತಾಡ್ವಾಗ ನೀನು ತುಟಿ ಆಡಿಸ್ತೀಯ. ಯಾವಾಗ್ಲೂ. ಒಪ್ಪಿಸ್ವಾಗ್ಲೂ ಹಾಗೇ ಮಾಡ್ತಿದ್ದೆ. ಅದು ನೋಡಿದ್ರೆ ನಂಗೆ ನೀನು ಮುಂದೇನು ಹೇಳ್ತೀಯೋ ಅದೇ ಹೇಳ್ಬೇಕು ಅನ್ಸುತ್ತೆ.”

ಉಮಾ ತನ್ನ ತುಟಿ ಮುಟ್ಟಿಕೊಂಡಳು. ತನಗೆ ಗೊತ್ತೇ ಇರಲಿಲ್ಲ. ಎದ್ದು ಹಾಲಿಗೆ ಬಂದಳು. ಅಲ್ಲಿಂದಲೂ ಉಸಿರು ಕೇಳಿಸುತ್ತೆ ಅಂದಳು ಮಗಳು. ಕಾರಿಡಾರಿಗೆ ಹೋಗಿ, ಕಬ್ಬಿಣದ ಬಾಗಿಲು ಎಳೆದುಕೊಂಡು, ಸಾಲಾಗಿ ಇಟ್ಟಿದ್ದ ತುಳಸಿ, ಕರಿಬೇವಿನ ಕುಂಡಗಳ ಪಕ್ಕ ನಿಂತಳು. ಮಲಗುವ ಕೋಣೆಯ ಕಿಟಕಿ ಕಾರಿಡಾರಿಗೇ ಇತ್ತು. ಗಾಜಿನ ಪಟ್ಟಿಗಳು ಒಂದಿಷ್ಟು ತೆರೆದಿದ್ದವು.

ಐದಾಯಿತು. ಐದೂಕಾಲಾಯಿತು. ಒಳಗಿನಿಂದ ಐ ಥಿಂಕ್, ಮೌನ, ಐ ಥಿಂಕ್, ಮೌನ. ಕರಿಬೇವಿನ ಹಣ್ಣೆಲೆಗಳನ್ನೆಲ್ಲ ಉಮಾ ಕಿತ್ತು ಮುಗಿಸಿದಳು. ಹಸಿವಾದರೆ ತಿನ್ನಿಸಬಹುದು, ಜ್ವರ ಬಂದರೆ ಒದ್ದೆ ಬಟ್ಟೆ ಹಾಕಬಹುದು. ಗಣಿತವಾದರೆ ಕೂಡಿ ಕಳೆದು ತೋರಿಸಬಹುದು. ಒಂಬತ್ತು ತಿಂಗಳಿಂದ ಈ ಒಂದು ವಿಷಯಕ್ಕೆ ಅವಳು ಮಾಡಿದ್ದೆಲ್ಲ ಮಗಳಿಗೆ ಅಡ್ಡ ಬಂದಿತ್ತು, ತುಟಿ ಕೂಡ.

ಐದೂವರೆಯ ಹೊತ್ತಿಗೆ ಒಳಗಿನ ದನಿ ನಿಲ್ಲದೆ ಸ್ವಲ್ಪ ದೂರ ಹೋಯಿತು. ಉಮಾ ಉಸಿರು ಬಿಗಿಹಿಡಿದಳು. ನಮ್ಮ ಮಹಡಿಯಲ್ಲಿ ಎಂಟು ಮನೆ ಅಂತೇನೋ ಬಂತು. ಲಿಫ್ಟಿನಲ್ಲಿ ಎಲ್ಲರೂ ನಂಬರ್ ನೋಡುತ್ತಾರೆ ಅಂತ ಬಂತು. ಆಮೇಲೆ ಸ್ಪಷ್ಟವಾಗಿ, “ಮೈ ಮದರ್”. ಉಮಾ ಕಿಟಕಿಯ ಕಡೆ ವಾಲಿದಳು. ಅಷ್ಟರಲ್ಲಿ ಲಿಫ್ಟ್ ತೆರೆದು ಪಕ್ಕದ ಮನೆಯ ಚೀನೀ ಆಂಟಿ ತಳ್ಳುಗಾಡಿಯನ್ನು ಗಡಗಡ ಎಳೆದುಕೊಂಡು ಬಂದರು.

“ವಾ, ಸೋ ಹಾಟ್ ಆಹ್ ಟುಡೇ! ಯು ಲಾಕ್ ಔಟ್ ಆಹ್?”

ಉಮಾ ಎರಡೂ ಕೈ ಆಡಿಸಿ, ತಲೆಯಾಡಿಸಿ, ನಕ್ಕಳು. ಬಾಯಿ ಬಿಟ್ಟರೆ ಒಳಗೆ ರೆಕಾರ್ಡ್ ಆಗುತ್ತದೆ. ಆಂಟಿಯೂ ನಕ್ಕು, ಏನೂ ಅರ್ಥವಾಗದೆ, ಬೀಗ ತೆಗೆದು ಒಳಗೆ ಹೋದರು. ಗಾಡಿಯ ಸದ್ದು ನಿಂತಾಗ ಕಿಟಕಿಯೊಳಗೂ ಸದ್ದಿರಲಿಲ್ಲ.

ಆರಕ್ಕೆ ಎಂಟು ನಿಮಿಷವಿದ್ದಾಗ ವರ್ಣಿಕಾ ಬಾಗಿಲು ತೆಗೆದಳು. “ಕಳಿಸ್ದೆ.”

“ಎರಡು ನಿಮಿಷ ಆಯ್ತಾ?”

“ಒಂದು ಹತ್ತು. ಅಲ್ಲಿಗೆ ನಿಂತೋಯ್ತು.”

“ಏನು ಹೇಳ್ದೆ, ನನ್ನ ಬಗ್ಗೆ?”

“ಏನೂ ಇಲ್ಲ ಲಾ, ಅಮ್ಮಾ.”

ಉಮಾ ಟ್ಯಾಬಿಗೆ ಮತ್ತೆ ಕುಂಕುಮವಿಟ್ಟು, ಇದ್ದ ಜಾಗಕ್ಕೇ ತಳ್ಳಿ, ತಪ್ಪಾಯ್ತು ತಾಯಿ ಅಂದಳು. ಮಾರನೆಯ ದಿನ ಮಂಗಳಾರತಿ ಮಾಡಿ ಎಲ್ಲವನ್ನೂ ತೆಗೆದುಕೊಟ್ಟಳು. ತೆಗೆದ ಮೇಲೆ ನಾಲ್ಕು ಸಾಲಾದರೂ ಓದಬೇಕು ಅನ್ನುವುದು ರೂಢಿ. ವರ್ಣಿಕಾ ಕತೆಪುಸ್ತಕ ಬಿಚ್ಚಿ, ಗೊಂಬೆಗಳ ಮುಂದೆ ನಿಂತು, ಕೈಕಟ್ಟದೆ ಓದಿದಳು. ಅಷ್ಟು ಹೊತ್ತೂ ಉಮಾ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ನವೆಂಬರಿನಲ್ಲಿ ಫಲಿತಾಂಶ ಬಂತು. ರೆಕಾರ್ಡಿಂಗಿಗೆ ಇಪ್ಪತ್ತಕ್ಕೆ ಒಂಬತ್ತು. ಅದರ ಕೆಳಗೆ ಮಿಸ್ ಹಿದಾಯಾ ಬರೆದಿದ್ದರು: ಇದು ನಿನ್ನ ಮಾತು, ಆಮೇಲಿನದು ಏನಿತ್ತು ಅಂತ ಕೇಳುವ ಆಸೆಯಾಯಿತು. ಮುಂದಿನ ವರ್ಷ ಇಂಗ್ಲಿಷ್ ಜಿ-ಟುನಲ್ಲಿ. ಉಮಾ ಕಾಗದವನ್ನು ಮೂರು ಸಲ ಓದಿದಳು. ಪ್ರತಿಯೊಂದು ಪದವೂ ಅರ್ಥವಾಯಿತು, ಆ ಮಟ್ಟಿಗೆ ಅವಳ ಇಂಗ್ಲಿಷಿಗೆ ಏನೂ ಕೊರತೆಯಿರಲಿಲ್ಲ.

“ಟ್ಯೂಷನ್ ಹಾಕೋಣ ಬಿಡು,” ಅಂದ ಶ್ರೀಕಂಠ. “ಚೆನ್ನಾಗಿ ಮಾಡಿದ್ರೆ ಮತ್ತೆ ಮೇಲೆ ಹಾಕ್ತಾರಂತೆ.” ಅವನ ದನಿಯಲ್ಲಿ ಬೈಗುಳವಿರಲಿಲ್ಲ, ಅದೇ ಉಮಾಗೆ ಹೆಚ್ಚು ಕಷ್ಟವಾಯಿತು.

ವರ್ಣಿಕಾ ಮಲಗುವ ಕೋಣೆಯಲ್ಲಿ, ಅದೇ ಪ್ಲಗ್ಗಿನ ಪಕ್ಕ, ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಉಮಾ ಕುಕ್ಕರ್ ಇಟ್ಟು ಬಂದು ಎದುರಿಗೆ ಕೂತಳು. ಹೇಳಲು ಬೇಕಾದಷ್ಟು ಮಾತು ಸಿದ್ಧವಾಗಿತ್ತು. ಪರವಾಗಿಲ್ಲ ಮರೀ, ದಿಶಾ ಎಲ್ಲಿ ಹೋಗ್ತಾಳೆ, ಊಟಕ್ಕೆ ಜೊತೆಗೇ ಇರ್ತೀರಲ್ಲ, ನಾನೂ ಹೀಗೇ ಓದಿದ್ದು. ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಟೀಚರ ಪ್ರಶ್ನೆಯೇ.

“ನಿಂಗೇನನ್ಸುತ್ತೆ?”

ವರ್ಣಿಕಾ ತಲೆಯೆತ್ತಿದಳು. “ಏನು ಹೇಳ್ಬೇಕು?”

“ಏನೂ ಹೇಳ್ಬೇಕು ಅಂತಿಲ್ಲ.”

ಕುಕ್ಕರ್ ಒಂದು ಸೀಟಿ ಹಾಕಿತು.

“ಅವತ್ತು ನಿನ್ನ ಬಗ್ಗೆ ಹೇಳ್ದೆ,” ಅಂದಳು. “ಅಮ್ಮ ಎಲ್ಲರನ್ನೂ ನೋಡಿ ನಗ್ತಾಳೆ, ಆದ್ರೆ ಈ ಫ್ಲೋರಲ್ಲಿ ಯಾರ ಹತ್ರನೂ ಮಾತಾಡಿಲ್ಲ ಅಂತ. ಅವರಿಗೆ ಅಮ್ಮ ಗೊತ್ತಿಲ್ಲ, ಅಮ್ಮ ಜೋಕ್ ಮಾಡ್ತಾಳೆ ಅಂತಾನೂ ಗೊತ್ತಿಲ್ಲ ಅಂತ. ಹೇಳ್ತಾ ಹೇಳ್ತಾ ನಾನೂ ಕ್ಲಾಸಲ್ಲಿ ಹಾಗೇನೇ ಅಲ್ವಾ ಅನ್ನಿಸ್ಬಿಡ್ತು. ಆಮೇಲೆ ನಿನ್ನ ವಿಷ್ಯ ಮಿಸ್‌ಗೆ ಹೇಳ್ಬಾರ್ದಿತ್ತೇನೋ ಅನ್ನಿಸ್ತು. ನಿಲ್ಲಿಸ್ಬಿಟ್ಟೆ.”

ಉಮಾಗೆ ಮಗಳ ಕೈ ಹಿಡಿಯಬೇಕೆನಿಸಿತು. ಹಿಡಿದರೆ ಮಾತು ನಿಂತೀತು ಅಂತ ಹೆದರಿ ತನ್ನ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕೆಳಹಂತಕ್ಕೆ ಹೋದ ಮಗಳನ್ನು ಮೇಲೆ ತರುವ ದಾರಿ ಅವಳಿಗೆ ಗೊತ್ತಿರಲಿಲ್ಲ. ಜನವರಿಯಲ್ಲಿ ಆ ಬೇರೆ ಕೋಣೆಯ ಬಾಗಿಲವರೆಗೂ ಅವಳು ಹೋಗುವ ಹಾಗಿಲ್ಲ. ಕುಕ್ಕರ್ ಎರಡನೇ ಸೀಟಿ ಹಾಕಿತು, ಮೂರನೆಯದು ಹಾಕಿತು. ಮೂರಕ್ಕೆ ಆರಿಸಬೇಕು, ಇಲ್ಲದಿದ್ದರೆ ಬೇಳೆ ಕರಗಿಹೋಗುತ್ತದೆ.

ಅವಳು ಏಳಲಿಲ್ಲ.

“ಆಮೇಲೆ?” ಅಂದಳು.